ಗುಮ್ಮಟ ಉಳಿದರೆ ಸಾಲದು, ಊರೂ ಉಳಿಯಬೇಕು

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ. ಓದುಗರ ಅನುಕೂಲಕ್ಕಾಗಿ ಅಲ್ಲಲ್ಲಿ ವಿಸ್ತರಿಸಿ ಬರೆಯಲಾಗಿದೆ.)



ಐತಿಹಾಸಿಕ ನಗರಗಳಲ್ಲಿ ಪರಂಪರೆಯ ರಕ್ಷಣೆ ಮತ್ತು ನಗರ ಯೋಜನೆ, ಇವೆರಡರ ಸಂಬಂಧ ಏನು ಎಂಬುದರ ಬಗ್ಗೆ ಮಾತನಾಡಲು ನನಗೆ ಹೇಳಲಾಗಿದೆ. ನಮ್ಮ ಜುಗೂಳ ನಗರವಲ್ಲ. ಕೃಷ್ಣಾ ಹೊಳೆಯ ದಂಡೆಯ ಮೇಲಿನ ಒಂದು ಹಳ್ಳಿ. ಹೊಳೆ ದಾಟಿದರೆ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿ 12ನೆಯ ಶತಮಾನದ ಕೋಪೇಶ್ವರ ದೇವಾಲಯ. ಇಷ್ಟು ಬಿಟ್ಟರೆ ನಮ್ಮ ಸುತ್ತ ಇರುವುದು ಕಬ್ಬಿನ ಹೊಲಗಳು. ಇಂಥ ಊರಿನ ಒಬ್ಬ ಉರ್ದು ಹಾಗೂ ಕನ್ನಡ ಮಾಸ್ತರನಿಗೆ ನಗರ ಯೋಜನೆಯ ವಿಷಯ ಏಕೆ ಎಂದು ನೀವು ಕೇಳಬಹುದು. ಉತ್ತರ ಸರಳವಾಗಿದೆ. ಒಬ್ಬ ಹುಡುಗಿ ನನಗೆ ಒಂದು ಪ್ರಶ್ನೆ ಕೇಳಿದಳು, ನನಗೆ ಉತ್ತರ ಬರಲಿಲ್ಲ. ಅಲ್ಲಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಕೆಲವು ವರ್ಷಗಳ ಹಿಂದೆ ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಅಥಣಿ, ತಿಕೋಟಾ ದಾರಿಯಿಂದ ವಿಜಯಪುರಕ್ಕೆ ಕರೆದುಕೊಂಡು ಹೋಗಿದ್ದೆವು. ಎಲ್ಲರಂತೆ ನಾವೂ ಗೋಳಗುಮ್ಮಟ ಹತ್ತಿದೆವು, ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿದೆವು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಇದು ಮುಹಮ್ಮದ್ ಆದಿಲ್ ಶಾಹನ ಸಮಾಧಿ, ಆತ 1627ರಿಂದ 1656ರವರೆಗೆ ಆಳಿದ ಎಂದೆಲ್ಲ ನಾನು ಪುಸ್ತಕದಲ್ಲಿದ್ದುದನ್ನು ಹೇಳಿದೆ. ಮೇಲಿನಿಂದ ಊರನ್ನು ನೋಡುತ್ತ ನಿಂತಿದ್ದ ಎಂಟನೆಯ ತರಗತಿಯ ಆ ಹುಡುಗಿ ಕೇಳಿದಳು: "ಸರ್, ಇಲ್ಲಿ ಹೊಳೆ ಎಲ್ಲೂ ಕಾಣ್ತಾ ಇಲ್ಲ. ಇಷ್ಟು ದೊಡ್ಡ ಊರಿಗೆ ಆಗ ನೀರು ಎಲ್ಲಿಂದ ಬರ್ತಿತ್ತು?"

ಹೊಳೆಯ ದಂಡೆಯ ಹುಡುಗಿಗೆ ಮೊದಲು ಹೊಳೆಯ ನೆನಪೇ ಬಂದಿತು. ನಾನು "ಬಾವಿಗಳಿದ್ದವು" ಎಂದು ಹೇಳಿ ಮುಂದೆ ನಡೆದೆ. ಅದು ಅರ್ಧ ಉತ್ತರವೂ ಆಗಿರಲಿಲ್ಲ.

ಹಳೆಯ ನಗರ ತಾನಾಗಿ ಬೆಳೆದದ್ದಲ್ಲ

ಸಹೋದರ ಸಹೋದರಿಯರೇ, ನಗರ ಯೋಜನೆ ಎಂದರೆ ಇಂದಿನ ಇಂಜಿನಿಯರರು ತಂದ ಹೊಸ ವಿದ್ಯೆ ಎಂದೂ, ಹಳೆಯ ಊರು ಎಂದರೆ ಅಡ್ಡಾದಿಡ್ಡಿ ಓಣಿಗಳ ಗೊಂದಲ ಎಂದೂ ನಾವು ತಿಳಿದಿದ್ದೇವೆ. ಇದು ದೊಡ್ಡ ತಪ್ಪು ತಿಳಿವಳಿಕೆ. ವಿಜಯಪುರವನ್ನೇ ನೋಡಿರಿ. 1565ರ ಹೊತ್ತಿಗೆ ಒಂದನೆಯ ಅಲಿ ಆದಿಲ್ ಶಾಹ ಊರ ಸುತ್ತ ಕೋಟೆಗೋಡೆಯನ್ನು ಪೂರ್ಣಗೊಳಿಸಿದ. ಅದರ ಸುತ್ತಳತೆ ಸುಮಾರು 10 ಕಿಲೋಮೀಟರ್. ಮಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಫತೇ ಎಂಬ ಐದು ಮುಖ್ಯ ದರವಾಜೆಗಳು. ದರವಾಜೆಯಿಂದ ದರವಾಜೆಗೆ ರಸ್ತೆ, ರಸ್ತೆಗೆ ಹೊಂದಿ ಪೇಟೆ, ಪೇಟೆಗೆ ಹೊಂದಿ ಮಸೀದಿ ಮತ್ತು ಸರಾಯಿ, ಅವುಗಳಿಗೆ ಹೊಂದಿ ನೀರು.

ಆ ನೀರಿನ ಕಥೆಯೇ ಹುಡುಗಿಯ ಪ್ರಶ್ನೆಗೆ ಉತ್ತರ. ಊರಿನ ಪಶ್ಚಿಮಕ್ಕಿರುವ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ತರಲಾಗುತ್ತಿತ್ತು. ದಕ್ಷಿಣದಲ್ಲಿ ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಬೇಗಂ ತಾಲಾಬ್ ಕಟ್ಟಿಸಿದ. ಅಲ್ಲಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಹರಿಯುತ್ತಿತ್ತು. ನಡುನಡುವೆ ಗೋಪುರದಂಥ ಕಟ್ಟಡಗಳು. ಅವನ್ನು ಗಂಜ್ ಎನ್ನುತ್ತಾರೆ. ಕೊಳವೆಯ ನೀರು ಈ ಗಂಜಿನೊಳಗೆ ಏರಿ ಇಳಿಯುವಾಗ ಅದರ ಒತ್ತಡ ಕಡಿಮೆಯಾಗುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ. ನೀರಿನಲ್ಲಿದ್ದ ಹೂಳು ತಳದಲ್ಲಿ ಕೂರುತ್ತಿತ್ತು. ಅಲ್ಲಿಂದ ಬೇರೆ ಬೇರೆ ಓಣಿಗಳಿಗೆ ನೀರು ಹಂಚಿಹೋಗುತ್ತಿತ್ತು. ಇಂದು ನಮ್ಮ ಊರುಗಳಲ್ಲಿ ಮೇಲ್ತೊಟ್ಟಿ ಮಾಡುವ ಕೆಲಸದ ಬಹುಪಾಲನ್ನು ಅಂದು ಗಂಜ್ ಮಾಡುತ್ತಿತ್ತು.

ಇದರ ಜೊತೆಗೆ ಬಾವಡಿಗಳು. ಚಾಂದ್ ಬಾವಡಿ 1579ರದು. ತಾಜ್ ಬಾವಡಿ 1620ರದು. ಮಕ್ಕಾ ದರವಾಜೆಯ ಕಡೆಯಿಂದ ಊರೊಳಗೆ ಬಂದವರಿಗೆ ಈ ತಾಜ್ ಬಾವಡಿ ಎದುರಾಗುತ್ತಿತ್ತು. ಒಂದೊಂದು ಬದಿ ಸುಮಾರು 223 ಅಡಿ ಉದ್ದದ ಚೌಕ, ಆಳ ಸುಮಾರು 52 ಅಡಿ. ಎದುರಿಗೆ ದೊಡ್ಡ ಕಮಾನು, ಪಕ್ಕದಲ್ಲಿ ದಾರಿಹೋಕರು ತಂಗುವ ಕೋಣೆಗಳು. ದಣಿದು ಬಂದ ವ್ಯಾಪಾರಿ ಮೊದಲು ನೀರು ಕುಡಿದು, ಒಂದು ರಾತ್ರಿ ಮಲಗಿ, ನಂತರ ಪೇಟೆಗೆ ಹೋಗಲಿ ಎಂಬ ಲೆಕ್ಕಾಚಾರ ಅದರಲ್ಲಿದೆ. ಇದನ್ನು ಯೋಜನೆ ಎನ್ನದೆ ಬೇರೇನು ಎನ್ನಬೇಕು?

ಎರಡನೆಯ ಇಬ್ರಾಹಿಂ ಆದಿಲ್ ಶಾಹನಂತೂ 1599ರಲ್ಲಿ ತೊರವಿಯ ಬಳಿ ನವರಸಪುರ ಎಂಬ ಹೊಸ ನಗರವನ್ನೇ ಕಟ್ಟಲು ತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಅಲ್ಲಿ ಸಂಗೀತ ಮಹಲ್ ಇಂದಿಗೂ ನಿಂತಿದೆ. ಹೊಸ ಬಡಾವಣೆ ಕಟ್ಟುವ ಆಸೆ ನಮ್ಮ ಕಾಲದ್ದು ಮಾತ್ರವಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕಟ್ಟಡ ಒಬ್ಬರಿಗೆ, ರಸ್ತೆ ಇನ್ನೊಬ್ಬರಿಗೆ, ನೀರು ಯಾರಿಗೂ ಇಲ್ಲ

1686ರಲ್ಲಿ ಔರಂಗಜೇಬನ ಸೈನ್ಯ ವಿಜಯಪುರವನ್ನು ಗೆದ್ದ ಮೇಲೆ ಊರು ಬಡವಾಯಿತು. ಅರಮನೆಗಳು ಪಾಳುಬಿದ್ದವು. ಬೆಲೆ ಗೊತ್ತಿಲ್ಲದವರ ಕೈಗೆ ಪರಂಪರೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೇಳಿರಿ. 1549ರಲ್ಲಿ ಎರಕಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಲಿಲಾವಿಗೆ ಇಟ್ಟರು. ಬಂದ ಬೆಲೆ 150 ರೂಪಾಯಿ! ಕೊನೆಗೆ ಆ ಲಿಲಾವು ರದ್ದಾಯಿತು, ತೋಪು ಉಳಿಯಿತು. ಇಂದು ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂದಿತು. ಕಚೇರಿಗಳಿಗೆ ಜಾಗ ಬೇಕಾಯಿತು. ಹಳೆಯ ಮಹಲುಗಳನ್ನೇ ದುರಸ್ತಿ ಮಾಡಿ ಕಚೇರಿ ಮಾಡಿದರು. ಒಂದು ಮಸೀದಿ ಅಂಚೆ ಕಚೇರಿಯಾಯಿತು, ಇನ್ನೊಂದು ಪ್ರವಾಸಿ ಬಂಗಲೆಯಾಯಿತು. ಮುಂದೆ ಲಾರ್ಡ್ ಕರ್ಜನ್ ಅವುಗಳನ್ನು ಅಲ್ಲಿಂದ ಎಬ್ಬಿಸಿದ. 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯಿದೆ ಬಂದಿತು. ಕಚೇರಿಯಾದ ಕಟ್ಟಡಗಳಿಗೆ ಕೆಲವು ಗಾಯಗಳಾದವು ನಿಜ, ಆದರೆ ಬಳಕೆಯಲ್ಲಿದ್ದುದರಿಂದ ಅವುಗಳ ಮಾಳಿಗೆ ಬೀಳಲಿಲ್ಲ ಎಂಬುದೂ ನಿಜ. ಪರಂಪರೆಯ ರಕ್ಷಣೆಯಲ್ಲಿ ಇದು ಇಂದಿಗೂ ಮುಗಿಯದ ಚರ್ಚೆ: ಬೀಗ ಹಾಕಿ ಕಾಯಬೇಕೋ, ಬಳಸುತ್ತ ಕಾಯಬೇಕೋ?

ಆದರೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ರಕ್ಷಿತ ಸ್ಮಾರಕಗಳ ಪಟ್ಟಿ ಮಾಡುವಾಗ ಗುಮ್ಮಟ, ರೋಜಾ, ಮಹಲು, ಮಸೀದಿ ಒಂದೊಂದಾಗಿ ಪಟ್ಟಿಗೆ ಸೇರಿದವು. ಅವುಗಳಿಗೆ ಬೇಲಿ ಬಂದಿತು, ಹುಲ್ಲುಹಾಸು ಬಂದಿತು. ಅವುಗಳ ನಡುವಿನ ಊರು ಮಾತ್ರ ಯಾವ ಪಟ್ಟಿಗೂ ಸೇರಲಿಲ್ಲ. ಗುಮ್ಮಟವನ್ನು ನೋಡಿಕೊಳ್ಳುವುದು ಪುರಾತತ್ವ ಇಲಾಖೆ, ರಸ್ತೆಯನ್ನು ನೋಡಿಕೊಳ್ಳುವುದು ನಗರಾಡಳಿತ, ಹೊಸ ಬಡಾವಣೆಯ ನಕ್ಷೆ ಮಾಡುವುದು ಯೋಜನಾ ಪ್ರಾಧಿಕಾರ. ನೆಲದಡಿಯ ಸುರಂಗ ಮತ್ತು ಮಣ್ಣಿನ ಕೊಳವೆ ಈ ಮೂವರ ಗಡಿಯನ್ನೂ ದಾಟಿ ಹೋಗುತ್ತದೆ. ಆದ್ದರಿಂದ ಅದು ಯಾರದೂ ಅಲ್ಲ. ಚರಂಡಿಗೆ ಅಗೆಯುವಾಗ ಸುರಂಗ ಸಿಕ್ಕರೆ ಅದು ಕೆಲಸಗಾರನಿಗೆ ಒಂದು ಅಡ್ಡಿ ಮಾತ್ರ. ಅವನ ಕೈಯಲ್ಲಿರುವ ನಕ್ಷೆಯಲ್ಲಿ ಅದನ್ನು ಗುರುತಿಸದಿದ್ದರೆ ಅದು ಏನೆಂದು ಅವನಿಗೆ ಹೇಗೆ ತಿಳಿಯಬೇಕು?

ಬಾವಡಿಗಳಿಗೆ ಆದದ್ದೂ ಇದೇ. ಕೊಳವೆಬಾವಿ, ನಳ ಬಂದ ಮೇಲೆ ಬಾವಡಿ ಬೇಡವಾಯಿತು. ಬೇಡವಾದದ್ದು ಕಸದ ತೊಟ್ಟಿಯಾಯಿತು. ಮುಂದೆ 2010ರ ದಶಕದಲ್ಲಿ ಬರಗಾಲ ಬಂದು ನೀರಿಗೆ ಪರದಾಡುವಂತಾದಾಗ ತಾಜ್ ಬಾವಡಿ, ಚಾಂದ್ ಬಾವಡಿ ಮೊದಲಾದ ಹಳೆಯ ಬಾವಿಗಳ ಹೂಳೆತ್ತುವ ಕೆಲಸ ನಡೆಯಿತು. ಒಳ್ಳೆಯ ಕೆಲಸ. ಆದರೆ ಹೂಳೆತ್ತುವುದು ಒಂದು ಬೇಸಿಗೆಯ ಕೆಲಸ. ಸುತ್ತಲಿನ ಓಣಿಗಳ ಚರಂಡಿ ಮತ್ತು ಕಸದ ವ್ಯವಸ್ಥೆ ನಗರ ಯೋಜನೆಯ ಕೆಲಸ. ಎರಡನೆಯದು ಆಗದಿದ್ದರೆ ಮೊದಲನೆಯದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಇಂದು ವಿಜಯಪುರಕ್ಕೆ ಕೃಷ್ಣೆಯ ನೀರು ಕೊಲ್ಹಾರದ ಕಡೆಯಿಂದ ಕೊಳವೆಯಲ್ಲಿ ಬರುತ್ತದೆ. ನಮ್ಮ ಜುಗೂಳದ ಮುಂದೆ ಹರಿದುಹೋಗುವ ಅದೇ ಕೃಷ್ಣೆ! ದೂರದ ಹೊಳೆಯನ್ನು ತರಲು ಕಲಿತ ನಾವು, ಕಾಲಡಿಯ ಬಾವಡಿಯನ್ನು ಮರೆಯುವುದು ಜಾಣತನವೇ?

ಖಾಲಾ ಅವರ ಮಾಳಿಗೆ

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು.

ಇಂಥದೇ ಒಂದು ಹಳೆಯ ನಗರದಲ್ಲಿ ನಮ್ಮ ಖಾಲಾ ಇದ್ದಾರೆ. ಅವರ ಮನೆ ಒಂದು ರಕ್ಷಿತ ಸ್ಮಾರಕದ ಗೋಡೆಗೆ ತೀರ ಹತ್ತಿರ. ಮಣ್ಣಿನ ಮಾಳಿಗೆಯ ಹಳೆಯ ಮನೆ. ಒಂದು ವರ್ಷ ಮಳೆಗಾಲಕ್ಕೆ ಮೊದಲು ಮಾಳಿಗೆ ದುರಸ್ತಿ ಮಾಡಿಸಲು ಬಾಗಿಲ ಮುಂದೆ ಉಸುಕು, ಇಟ್ಟಿಗೆ ಇಳಿಸಿದರು. ಎರಡೇ ದಿನಕ್ಕೆ ಒಂದು ನೋಟಿಸು ಬಂದಿತು, ಇಂಗ್ಲಿಷಿನಲ್ಲಿ. ಖಾಲಾ ಅದನ್ನು ಟ್ರಂಕಿನಲ್ಲಿಟ್ಟು ನಾನು ಹೋಗುವವರೆಗೆ ಕಾದರು. "ಬೇಟಾ, ನೀನು ಓದಿದವನು, ಇದರಲ್ಲಿ ಏನು ಬರೆದಿದೆ ನೋಡು" ಎಂದರು.

ನಾನು ಓದಿದೆ. ನಿಷೇಧಿತ ಪ್ರದೇಶ ಎಂಬ ಶಬ್ದ ಕಂಡಿತು. ಅಷ್ಟಕ್ಕೇ ನಿಂತೆ. "ಖಾಲಾ, ಇಲ್ಲಿ ಏನೂ ಮಾಡುವ ಹಾಗಿಲ್ಲವಂತೆ" ಎಂದು ಹೇಳಿ ಬಂದೆ. ಖಾಲಾ ನನ್ನ ಮಾತನ್ನು ನಂಬಿದರು. ಎರಡು ಮಳೆಗಾಲ ಆ ಮನೆಯವರು ತಾಡಪತ್ರಿಯ ಕೆಳಗೆ ಕಳೆದರು. ರಾತ್ರಿ ಮಳೆ ಬಂದರೆ ಎದ್ದು ಕೂತು ಪಾತ್ರೆ ಇಡುತ್ತಿದ್ದರು. ಮೊಮ್ಮಕ್ಕಳ ಪುಸ್ತಕಗಳು ತೋಯ್ದವು.

ನಂತರ ಕಾನೂನು ತಿಳಿದವರೊಬ್ಬರ ಜೊತೆ ಮಾತಾಡುವಾಗ ನನ್ನ ತಪ್ಪು ತಿಳಿಯಿತು. ಅದನ್ನು ನೀವೆಲ್ಲರೂ ಗಮನವಿಟ್ಟು ಓದಬೇಕು, ಏಕೆಂದರೆ ಇಂಥ ಮನೆಗಳು ನಿಮ್ಮ ಬಂಧುಗಳಲ್ಲೂ ಇರಬಹುದು.

ಕೇಂದ್ರ ಸರಕಾರದ ರಕ್ಷಿತ ಸ್ಮಾರಕಗಳಿಗೆ 1958ರ ಕಾಯಿದೆ ಅನ್ವಯಿಸುತ್ತದೆ. 2010ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಅದರ ಪ್ರಕಾರ ಸ್ಮಾರಕದ ಗಡಿಯಿಂದ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಆದರೆ ನಿಷೇಧಿತ ಪ್ರದೇಶದಲ್ಲೂ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯನ್ನು ದುರಸ್ತಿ ಮಾಡಿಸಲು ಅರ್ಜಿ ಹಾಕುವ ಹಕ್ಕು ಮಾಲೀಕನಿಗೆ ಇದೆ. ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ಅನುಮತಿ ಬಂದ ಮೇಲೆ ಕೆಲಸ ಮಾಡಿಸಬೇಕು. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಅಂದರೆ ಖಾಲಾ ಅವರಿಗೆ ಬೇಕಾಗಿದ್ದುದು ಒಂದು ಅರ್ಜಿ, ಒಂದು ನಕ್ಷೆ, ಮನೆ 1992ಕ್ಕಿಂತ ಹಳೆಯದು ಎಂಬುದಕ್ಕೆ ಪುರಾವೆ. ಟ್ರಂಕಿನ ತಳದಲ್ಲಿ ಖಾಲೂ ಅವರು ಜೋಪಾನ ಮಾಡಿದ್ದ ಮನೆಪಟ್ಟಿ ಪಾವತಿಗಳಿದ್ದವು, ಸಿಟಿ ಸರ್ವೆ ಉತಾರ ಇತ್ತು. ಎಲ್ಲವೂ ಇತ್ತು. ಇಲ್ಲದಿದ್ದುದು ಅದನ್ನು ಓದಿ ಹೇಳುವ ಒಬ್ಬ ಮನುಷ್ಯ. ಇದ್ದ ಒಬ್ಬ ಪದವೀಧರ, ಅಂದರೆ ನಾನು, ಒಂದೇ ಶಬ್ದ ಓದಿ ಬಿಟ್ಟಿದ್ದೆ. ಅರ್ಜಿ ಹಾಕಿದೆವು, ಓಡಾಡಿದೆವು, ಸಮಯ ಹಿಡಿಯಿತು, ಕೊನೆಗೆ ಅಲ್ಲಾಹನ ದಯೆಯಿಂದ ಮಾಳಿಗೆ ಸರಿಯಾಯಿತು. ಆದರೆ ಆ ಎರಡು ಮಳೆಗಾಲಗಳನ್ನು ನಾನು ಯಾವ ಅರ್ಜಿಯಿಂದಲೂ ಮರಳಿ ಕೊಡಲಾರೆ.

ಇದನ್ನು ಕಾಯಿದೆಯ ಮೇಲಿನ ಸಿಟ್ಟಿಗೆ ಹೇಳುತ್ತಿಲ್ಲ. ಆ 100 ಮೀಟರ್ ಇಲ್ಲದಿದ್ದರೆ ನಮ್ಮ ಎಷ್ಟೋ ಗುಮ್ಮಟಗಳ ಪಕ್ಕದಲ್ಲಿ ಅವುಗಳಿಗಿಂತ ಎತ್ತರದ ಲಾಜ್‌ಗಳು ನಿಲ್ಲುತ್ತಿದ್ದವು. ಆದರೆ ಹಳೆಯ ನಗರದಲ್ಲಿ ಸ್ಮಾರಕದ ಸುತ್ತ 100 ಮೀಟರ್ ಎಂದರೆ ಬಯಲಲ್ಲ, ಅದು ಜನ ಬಾಳುವ ಓಣಿ. ಹೆಚ್ಚಾಗಿ ಅಲ್ಲಿರುವವರು ಬೇರೆ ಕಡೆ ಜಾಗ ಕೊಳ್ಳಲಾಗದ ಬಡವರು. ಸ್ಮಾರಕವನ್ನು ಕಾಯುವ ಕಾಯಿದೆ ಮತ್ತು ಓಣಿಯನ್ನು ಬಾಳಿಸುವ ಯೋಜನೆ ಒಂದಕ್ಕೊಂದು ಮಾತಾಡದಿದ್ದರೆ, ಮಧ್ಯದಲ್ಲಿ ತೋಯುವುದು ಖಾಲಾ ಅವರಂಥವರ ಮನೆ.

ಮಾತಾಡದೆ ಕೆಟ್ಟದ್ದು, ಮಾತಾಡಿ ಗೆದ್ದದ್ದು

ನಮ್ಮ ರಾಜ್ಯದಲ್ಲೇ ಎರಡೂ ಬಗೆಯ ಉದಾಹರಣೆಗಳಿವೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತುಂಗಭದ್ರೆಯ ಆಚೆ ಆನೆಗೊಂದಿಯ ಜನರಿಗೆ ಸೇತುವೆ ಬೇಕಿತ್ತು. ದೋಣಿಯನ್ನೇ ನಂಬಿ ಬದುಕುವ ಕಷ್ಟ ಏನೆಂದು ಹೊಳೆದಂಡೆಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸೇತುವೆಯನ್ನು ಸ್ಮಾರಕಗಳ ನಡುವೆಯೇ, ತಳವಾರಘಟ್ಟದ ಬಳಿ ಕಟ್ಟಲು ತೊಡಗಿದರು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂದಿತು. ಅರ್ಧ ನಿಂತು ಮತ್ತೆ ಮುಂದುವರಿದಿದ್ದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು. ಮುಂದೆ ಕಡೆಬಾಗಿಲು ಬಳಿ ಬೇರೆ ಸೇತುವೆ ಆಯಿತು. ಮೊದಲೇ ಕೂತು ಮಾತಾಡಿದ್ದರೆ? 2011ರಲ್ಲಿ ಹಂಪಿಯ ಬಜಾರದಲ್ಲಿ ಸಾಲುಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವು ಮಾಡಿದರು. ಕಲ್ಲಿನ ಮಂಟಪ ಸ್ವಚ್ಛವಾಯಿತು, ಬಜಾರದ ಬದುಕು ಹೋಯಿತು.

ಇನ್ನೊಂದು ಬಗೆಯನ್ನು ನೋಡಿರಿ. ಬೆಂಗಳೂರು-ಮೈಸೂರು ರೈಲು ಮಾರ್ಗವನ್ನು ಜೋಡಿ ಮಾರ್ಗ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಕಾಲದ ಮದ್ದುಗುಂಡಿನ ಮನೆ ಅಡ್ಡ ಬಂದಿತು. ಕೆಡವಲಿಲ್ಲ. ಹಲವು ವರ್ಷ ತಡೆದು, ಕೊನೆಗೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಎತ್ತಿ, ನೂರಕ್ಕೂ ಹೆಚ್ಚು ಮೀಟರ್ ದೂರ ಸರಿಸಿ ಇಟ್ಟರು. ರೈಲೂ ಬಂದಿತು, ಕಟ್ಟಡವೂ ಉಳಿಯಿತು. ಪ್ರತಿಸಲ ಹೀಗೆ ಮಾಡಲಾಗದು. ಆದರೆ ಮನಸ್ಸಿದ್ದರೆ ದಾರಿ ಇದೆ ಎಂಬುದು ಗೊತ್ತಾಯಿತು.

ರಾಜ್ಯದ ಹೊರಗೂ ಕಲಿಯುವುದಿದೆ. 1411ರಲ್ಲಿ ಸುಲ್ತಾನ್ ಅಹಮದ್ ಶಾಹ ಸ್ಥಾಪಿಸಿದ ಅಹಮದಾಬಾದ್ 2017ರಲ್ಲಿ ಭಾರತದ ಮೊದಲ ವಿಶ್ವ ಪರಂಪರೆಯ ನಗರವಾಯಿತು. ಅಲ್ಲಿ ಮಸೀದಿ, ಜೈನ ಬಸದಿ, ದೇವಸ್ಥಾನಗಳ ಜೊತೆಗೆ ಸಾಮಾನ್ಯ ಜನ ವಾಸಿಸುವ ಪೋಳ್ ಎಂಬ ಓಣಿಗಳನ್ನೂ, ಅಲ್ಲಿನ ಮರದ ಮನೆಗಳನ್ನೂ ಪರಂಪರೆ ಎಂದು ಲೆಕ್ಕ ಹಿಡಿದರು. ಹಳೆಯ ಮನೆಯನ್ನು ಕೆಡವದೆ ಉಳಿಸಿಕೊಂಡ ಮಾಲೀಕನಿಗೆ, ಅವನು ಕಟ್ಟದೆ ಬಿಟ್ಟ ಮಹಡಿಯ ಹಕ್ಕನ್ನು ಊರಿನ ಬೇರೆ ಭಾಗದಲ್ಲಿ ಕಟ್ಟುವವರಿಗೆ ಮಾರಲು ಅವಕಾಶ ಕೊಟ್ಟರು. ಆ ಹಣದಿಂದ ಹಳೆಯ ಮನೆ ದುರಸ್ತಿಯಾಗಬಹುದು. ಇದು ನಗರ ಯೋಜನೆ ಪರಂಪರೆಗೆ ಹೆಗಲು ಕೊಡುವ ರೀತಿ.

ದೆಹಲಿಯ ಹಜರತ್ ನಿಜಾಮುದ್ದೀನ್ ಬಸ್ತಿಯದು ಇನ್ನೂ ಒಳ್ಳೆಯ ಪಾಠ. 2007ರಲ್ಲಿ ಅಲ್ಲಿ ಆಗಾ ಖಾನ್ ಟ್ರಸ್ಟ್, ಪುರಾತತ್ವ ಇಲಾಖೆ ಹಾಗೂ ನಗರಪಾಲಿಕೆ ಸೇರಿ ಕೆಲಸ ಆರಂಭಿಸಿದವು. 2008ರಲ್ಲಿ ದರ್ಗಾದ ಹಳೆಯ ಬಾವಡಿಯ ಒಂದು ಗೋಡೆ ಕುಸಿಯಿತು. ಅದನ್ನು ಮತ್ತೆ ಕಟ್ಟಿ ಹೂಳೆತ್ತಿದರು. ಅಲ್ಲಿಗೇ ನಿಲ್ಲಲಿಲ್ಲ. ಬಸ್ತಿಯ ಪಾಲಿಕೆ ಶಾಲೆಯನ್ನು ಸುಧಾರಿಸಿದರು, ಆಸ್ಪತ್ರೆ ಸುಧಾರಿಸಿದರು, ಶೌಚಾಲಯ ಕಟ್ಟಿದರು, ಹೆಣ್ಣುಮಕ್ಕಳಿಗೆ ಕೈಕಸುಬು ಮತ್ತು ಅಡುಗೆಯ ಉದ್ಯೋಗ ಕಲಿಸಿದರು. 2021ರಲ್ಲಿ ಈ ಕೆಲಸಕ್ಕೆ ಯುನೆಸ್ಕೊ ಪ್ರಶಸ್ತಿ ಬಂದಿತು. ಸ್ಮಾರಕದ ಪಕ್ಕದಲ್ಲಿರುವ ಮಗುವಿನ ಶಾಲೆಯೂ ಸ್ಮಾರಕ ರಕ್ಷಣೆಯ ಭಾಗ ಎಂದು ಅವರು ತಿಳಿದರು. ಆ ಮಗು ದೊಡ್ಡವನಾದ ಮೇಲೆ ಬಾವಡಿಗೆ ಕಸ ಹಾಕುವುದಿಲ್ಲ.

ಮಹಮೂದ್ ಗಾವಾನ್ ಅವರ ಮದರಸೆ ಹೇಳುವುದು

ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ನಿಂತು ಬೀದರನ್ನು ನೆನೆಯದಿದ್ದರೆ ಮಾತು ಪೂರ್ಣವಾಗದು. ಬೀದರಿನ ಹಳೆಯ ಊರಿನ ನಡುವೆ ಚೌಬಾರಾ ಎಂಬ ಗೋಪುರವಿದೆ. ಅಲ್ಲಿಂದ ರಸ್ತೆಗಳು ನಾಲ್ಕೂ ದಿಕ್ಕಿಗೆ ಹೋಗುತ್ತವೆ. ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲೇ ಬಹಮನಿ ವಜೀರ ಮಹಮೂದ್ ಗಾವಾನ್ ಅವರು 1472ರಲ್ಲಿ ಕಟ್ಟಿಸಿದ ಮದರಸೆ ಇದೆ. ಮೂರು ಅಂತಸ್ತು, ಬಣ್ಣದ ಹೆಂಚಿನ ಅಲಂಕಾರ, ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ. 1696ರಲ್ಲಿ ಅಲ್ಲಿ ಇಟ್ಟಿದ್ದ ಮದ್ದು ಸ್ಫೋಟಿಸಿ ಒಂದು ಭಾಗ ಹಾರಿಹೋಯಿತು. ವಿದ್ಯೆಯ ಮನೆಯಲ್ಲಿ ಮದ್ದು ಇಟ್ಟರೆ ಏನಾಗುತ್ತದೆ ಎಂಬುದನ್ನು ನೀವೇ ಯೋಚಿಸಿರಿ.

ಗಮನಿಸಬೇಕಾದ ಮಾತು ಇದು: ಊರಿನ ಮುಖ್ಯ ರಸ್ತೆಯಲ್ಲಿ, ಪೇಟೆ ಮತ್ತು ಕೋಟೆಯ ನಡುವೆ, ಅವರು ಶಾಲೆಗೆ ಜಾಗ ಕೊಟ್ಟರು. ಊರಿನ ನಕ್ಷೆಯಲ್ಲಿ ಯಾವುದು ಎಲ್ಲಿರಬೇಕು ಎಂಬ ತೀರ್ಮಾನದಲ್ಲೇ ಆ ಸಮಾಜ ಯಾವುದಕ್ಕೆ ಬೆಲೆ ಕೊಟ್ಟಿತು ಎಂಬುದು ತಿಳಿಯುತ್ತದೆ. ಅದೇ ಬೀದರಿನ ನೌಬಾದದಲ್ಲಿ ನೆಲದಡಿ ನೀರು ತರುವ ಕಾರೇಜ್ ಇದೆ, ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಸಂಶೋಧಕರು ಅದರ ಗಾಳಿಬಾವಿಗಳನ್ನು ಹುಡುಕಿ ನಕ್ಷೆ ಮಾಡಿದರು, ಹೂಳು ತೆಗೆಯುವ ಕೆಲಸ ನಡೆಯಿತು. ನಕ್ಷೆ ಮಾಡಿದ ಮೇಲೆಯೇ ಅದು ಉಳಿಸಬೇಕಾದ ವಸ್ತು ಎಂದು ಎಲ್ಲರಿಗೂ ಗೊತ್ತಾದದ್ದು. ನಕ್ಷೆಯಲ್ಲಿ ಇಲ್ಲದ್ದನ್ನು ಯಾರೂ ಕಾಯುವುದಿಲ್ಲ.

ವಿಜಯಪುರ, ಬೀದರ, ಕಲಬುರಗಿ, ಗೋಲ್ಕೊಂಡಗಳ ಸ್ಮಾರಕಗಳು ಮತ್ತು ಕೋಟೆಗಳು 2014ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಹೆಮ್ಮೆಯ ವಿಷಯ. ಆದರೆ ಹೆಮ್ಮೆ ಪಟ್ಟು ಕೂತರೆ ಆಗದು.

ನಾವು ಮಾಡಬೇಕಾದದ್ದು

ಸದಸ್ಯ ಬಂಧುಗಳೇ, ಮೊದಲು ನಿಮಗೆ.

ಒಂದು, ಹಳೆಯ ಕಾಗದಗಳನ್ನು ಜೋಪಾನ ಮಾಡಿರಿ. ಮನೆಪಟ್ಟಿ ಪಾವತಿ, ಉತಾರ, ಖರೀದಿ ಪತ್ರ, ಮಸೀದಿ ಮತ್ತು ದರ್ಗಾಗಳ ಹಳೆಯ ಸನದು, ಇವೆಲ್ಲ ನಾಳೆ ಪುರಾವೆ ಆಗುತ್ತವೆ.

ಎರಡು, ಊರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ, ಸಲಹೆ ಕೊಡಲು ಅವಧಿ ಇರುತ್ತದೆ. ಸ್ಮಾರಕಗಳ ಸುತ್ತಲಿನ ಉಪವಿಧಿಗಳ ಕರಡು ಬಂದಾಗಲೂ ಹಾಗೆಯೇ. ಆ ಅವಧಿಯಲ್ಲಿ ನಾವು ಸುಮ್ಮನಿದ್ದು, ನಂತರ ಬುಲ್ಡೋಜರ್ ಬಂದಾಗ ರಸ್ತೆಗೆ ಇಳಿಯುತ್ತೇವೆ. ಸಲ್ಲಬೇಕಾದ ದಿನ ಸಲ್ಲಿಸಿದ ಒಂದು ಹಾಳೆ ಅರ್ಜಿ, ತಡವಾಗಿ ಮಾಡಿದ ನೂರು ಘೋಷಣೆಗಿಂತ ಮೇಲು.

ಮೂರು, ಹಳೆಯ ಮಸೀದಿಯನ್ನು ದುರಸ್ತಿ ಮಾಡುವಾಗ ನಾವೇ ಮಾಡುವ ಹಾನಿಯನ್ನು ಒಪ್ಪಿಕೊಳ್ಳೋಣ. ಗಾರೆಯ ಗೋಡೆಗೆ ಸಿಮೆಂಟು ಮೆತ್ತಿ, ಕಲ್ಲಿನ ಕೆತ್ತನೆಯ ಮೇಲೆ ಆಯಿಲ್ ಪೇಂಟ್ ಬಳಿದು, ಶಾಸನದ ಮೇಲೆ ಟೈಲ್ಸ್ ಹಚ್ಚಿ ನಾವು ಸವಾಬ್ ಸಿಗುತ್ತದೆ ಎಂದುಕೊಳ್ಳುತ್ತೇವೆ. ಗಾರೆಯ ಗೋಡೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಟ್ಟು ಕಲ್ಲನ್ನು ಉದುರಿಸುತ್ತದೆ. ತಿಳಿದವರನ್ನು ಕೇಳಿ ಮಾಡಿರಿ.

ಈಗ ವಿದ್ಯಾರ್ಥಿಗಳೇ, ನಿಮಗೆ. ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ಬಾಗಿಲು ಇವೆ ಎಂದು ತಿಳಿಯಬೇಡಿರಿ. ವಾಸ್ತುಶಿಲ್ಪದ ಬಿ.ಆರ್ಕ್., ನಗರ ಯೋಜನೆಯ ಬಿ.ಪ್ಲಾನ್. ಎಂಬ ಪದವಿಗಳಿವೆ. ಪಿಯುಸಿಯಲ್ಲಿ ಗಣಿತ ಓದಿದವರು ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ದೆಹಲಿ, ಭೋಪಾಲ, ವಿಜಯವಾಡಗಳಲ್ಲಿ ಇದಕ್ಕೆಂದೇ ಕೇಂದ್ರ ಸರಕಾರದ ಸಂಸ್ಥೆಗಳಿವೆ. ಅಷ್ಟು ದೂರ ಹೋಗಲಾಗದವರಿಗೆ ಐಟಿಐಯಲ್ಲಿ ಸರ್ವೆಯರ್ ಮತ್ತು ಡ್ರಾಫ್ಟ್ಸ್‌ಮನ್ ಕೋರ್ಸು, ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಇವೆ. ಊರಿನ ನಕ್ಷೆಗೆ ಗೆರೆ ಎಳೆಯುವವನು ಅಲ್ಲಿಂದಲೇ ಬರುತ್ತಾನೆ.

ಉರ್ದು ಓದುವ ಮಕ್ಕಳಿಗೆ ಒಂದು ವಿಶೇಷ ಮಾತು. ನಿಮಗೆ ಲಿಪಿ ಆಗಲೇ ಗೊತ್ತಿದೆ. ಸ್ವಲ್ಪ ಶ್ರಮ ಪಟ್ಟರೆ ಫಾರ್ಸಿ ಕಲಿಯಬಹುದು. ಬಹಮನಿ, ಆದಿಲ್ ಶಾಹಿ ಕಾಲದ ಶಾಸನ, ಫರ್ಮಾನುಗಳನ್ನು ಓದುವವರು ಕಡಿಮೆಯಾಗುತ್ತಿದ್ದಾರೆ. ಕನ್ನಡವನ್ನೂ ಅಷ್ಟೇ ಚೆನ್ನಾಗಿ ಕಲಿಯಿರಿ, ಏಕೆಂದರೆ ಓದಿದ್ದನ್ನು ಈ ನಾಡಿನ ಜನಕ್ಕೆ ತಿಳಿಸಬೇಕಾದದ್ದು ಕನ್ನಡದಲ್ಲಿ. ಹಳೆಯ ಪರಂಪರೆ ಒಂದು ಜನಾಂಗದ ಸೊತ್ತಲ್ಲ. ಬೇಗಂ ತಾಲ��ಬಿನ ನೀರು ಯಾರ ಜಾತಿಯನ್ನೂ ಕೇಳಿ ಹರಿಯಲಿಲ್ಲ. ಖಿದ್ರಾಪುರದ ದೇವಾಲಯವನ್ನೂ ನಾವು ಅಷ್ಟೇ ಗೌರವದಿಂದ ಕಾಣಬೇಕು. ಸಂವಿಧಾನದ 51ಎ ವಿಧಿ ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು ಹೇಳುತ್ತದೆ.

ಕೊನೆಯದಾಗಿ, ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಕೊಟ್ಟೆ. ಮರುವರ್ಷದ ಪ್ರವಾಸದಲ್ಲಿ ನಾವು ಗೋಳಗುಮ್ಮಟಕ್ಕೆ ಮೊದಲು ತಾಜ್ ಬಾವಡಿಗೆ ಹೋದೆವು. ಮಕ್ಕಳು ತಮ್ಮ ನೋಟ್‌ಬುಕ್ಕಿನಲ್ಲಿ ಬಾವಡಿಯ ಚಿತ್ರ ಬರೆದು, ತೊರವಿಯ ದಿಕ್ಕಿಗೆ ಒಂದು ಬಾಣದ ಗುರುತು ಹಾಕಿದರು. ಆ ಹುಡುಗಿ ಈಗ ವಿಜ್ಞಾನ ವಿಭಾಗದಲ್ಲಿ ಗಣಿತ ಓದುತ್ತಿದ್ದಾಳೆ. ಮುಂದೆ ಏನಾಗುತ್ತಾಳೋ ಅಲ್ಲಾಹನಿಗೆ ಗೊತ್ತು. ಆದರೆ ಅವಳ ಕೈಗೆ ಒಂದು ನೋಟಿಸು ಬಂದರೆ ಅವಳು ಒಂದೇ ಶಬ್ದ ಓದಿ ನಿಲ್ಲುವುದಿಲ್ಲ, ಕೊನೆಯ ಸಾಲಿನವರೆಗೆ ಓದುತ್ತಾಳೆ ಎಂಬ ಭರವಸೆ ನನಗಿದೆ. ನಿಮ್ಮೆಲ್ಲರಿಂದಲೂ ನಾನು ಬಯಸುವುದು ಅಷ್ಟೇ.